ಹವ್ಯಾಸ ಅನ್ನೂ ಗೆರಿ

ಅಣ್ಣ ತಂದಿಟ್ಟ ವಧುವಿನ ಮಾಹಿತಿ ಹಾಳಿಯೊಳಗ
ಎತ್ತರಕ್ಕೊಂದು ಗೆರಿ, ಬಣ್ಣಕ್ಕೊಂದು ಗೆರಿ,
ಹವ್ಯಾಸಕ್ಕೂ ಒಂದ ಗೆರಿ.
ಅದನ್ನೂ ಅವನೇ ತುಂಬ್ಯಾನ: ಅಡಗಿ, ರಂಗೋಲಿ.
ಗೆರಿ ಇನ್ನೂ ಅರ್ಧ ಖಾಲಿ ಉಳದೈತಿ.

ಇವತ್ತ ಸೋಮವಾರ, ಬನಹಟ್ಟ್ಯಾಗ ಕರೆಂಟಿಗೆ ರಜಾ.
ಓಣಿ ಮಗ್ಗೆಲ್ಲಾ ಒಮ್ಮಿಗೇ ಬಾಯಿ ಮುಚ್ಚಿದ ಮ್ಯಾಲೂ
ಕಿವಿಯೊಳಗ ಒಂದು ಮಗ್ಗ ಹತ್ತು ನಿಮಿಷ ಓಡತಿರತೈತಿ.
ಅದು ನಿಂತಿಂದ ಗುಬ್ಬಿ ಕೇಳಸ್ತಾವ.
ಬಾಜೂ ಮನಿ ನೀಲವ್ವ ರೊಟ್ಟಿ ಬಡಿಯೂದು ಕೇಳಸತೈತಿ.
ಏಳು ಬಡಿತ, ಒಂದು ತಿರುವು, ಮತ್ತ ಏಳು.
ಎಣಿಸಿ ಹೇಳಿದ್ನಿ: ಇದು ರೂಪಕ, ವೈನಿ.
‘ರೂಪಾ ಯಾರ? ಅಕಿನ್ನೂ ಉಣ್ಣಾಕ ಕರಿ’ ಅಂದ್ಲು.

ಹಾಳಿ ತಿರುವಿ ಹಾಕೀನಿ. ಹಿಂದ ಬರೀತೀನಿ.

ಚಿತ್ರ ಅಂದ್ರ ನನಗ ಚೌಕಚೌಕದ ಹಾಳಿ.
ಅಪ್ಪ ಕೆಂಪು ಪೆನ್ಸಿಲ್ ಹಿಡಿದು
ಒಂದೊಂದ ಮನಿ ತುಂಬಿ ನವಿಲು ಎಬ್ಬಸ್ತಿದ್ದ,
ನವಿಲಿಗೊಂದು ಎರಡು ವಾರ, ಅರ್ಧ ಪೆನ್ಸಿಲು.
ನಾ ಕಂಪ್ಯೂಟರಿನ್ಯಾಗ ಮುಂಜಾನೆ ಕೂಡಿಸಿದ್ರ
ಮಧ್ಯಾಹ್ನದೊಳಗ ಮಗ್ಗಕ್ಕ ಹಾರತೈತಿ.
ಖರೇ ಹೇಳಬೇಕಂದ್ರ ಅಪ್ಪನ ನವಿಲಿನ ಕತ್ತು ಜರಾ ಸೊಟ್ಟ,
ಯಾರೋ ಕರದಿದ್ದಕ್ಕ ಹೊಳ್ಳಿ ನೋಡಿದಂಗ.
ನನ್ನದನ್ನ ಯಾರೂ ಕರದಿಲ್ಲ.
ಮೂರು ಸರ್ತಿ ಬೇಕಂತ್ಲೇ ಸೊಟ್ಟ ಮಾಡಿನಿ.
ಮೂರು ಸರ್ತಿನೂ ಬರೇ ಕತ್ತು ಉಳುಕಿದ ನವಿಲು.

ಹಾಡು ನಾ ಹಾಡೂದಿಲ್ಲ, ಕೇಳಸ್ತೀನಿ.
ಗುರಬಸಪ್ಪ ಕಾಕಾ ಮೂವತ್ತೆಂಟು ವರ್ಷ
ಮಗ್ಗಕ್ಕ ಕಿವಿ ಕೊಟ್ಟಾನ, ತಿರುಗಿ ಇಸಗೊಂಡಿಲ್ಲ.
ಭಜನಿಯೊಳಗ ದಿಮ್ಮಡಿ ಮಾತ್ರ ಬಿಟ್ಟಿಲ್ಲ.
ಮೊಬೈಲು ಉಂಬೂ ತಾಟಿನ್ಯಾಗ ಬೋರಲ ಇಟ್ಟು ಹಚ್ಚಿದ್ರ
ತಾಟಿನ ಅಂಚಿಗೆ ನಾಕು ಬೆರಳು ಇಡ್ತಾನ.
ಸ್ಟೀಲು ನಡಗತೈತಿ, ಕಾಕಾ ತಲಿ ಹಾಕ್ತಾನ,
ಸಮಕ್ಕ ಸರಿಯಾಗಿ.
ಹ್ವಾದ ವಾರ ತಾಟಿನ್ಯಾಗ ಒಂದು ಶೇಂಗಾ ಉಳದಿತ್ತು.
ಅದೂ ಕುಣೀತು.
ಅದನ್ನ ನೋಡಕೋತ ಬಾರಿಸಿದ,
ಹಾಡು ಮುಗಿದ ಮ್ಯಾಲೆ ತಿಂದ.

ಅವತ್ತ ಪರದಿಮ್ಯಾಲೆ ಆ ಹಾಡಿನ ಅಲಿ
ಏಳೂದು ಬೀಳೂದು ನಡಸಿತ್ತು.
ತಗದು ಸೀರಿ ದಡಿ ಮಾಡಿದ್ನಿ.
ಗೋಮಿ ಅಲ್ಲ, ಗಾಡಿ ಅಲ್ಲ, ಹೆಸರಿಲ್ಲ ಅದಕ್ಕ.
ಮುರಿಗೆಪ್ಪ ಸಾವಕಾರ್ರು ಚಾಳೀಸು ಏರಿಸಿ ನೋಡಿದ್ರು:
‘ಏನವಾ ಇದು, ಹಲ್ಲುದುರಿದ ಬಾಚಣಗಿ?’
ಆರು ಸೀರಿ ನೇಯ್ದಿದ್ದು, ಎರಡು ಹ್ವಾದವು.
ಒಂದು ಕಾಕಾ ತನ್ನ ಹೆಂಡತಿಗೆ ಒಯ್ದ.
ಇನ್ನೊಂದು ಯಾರ ಪಾಲಾತೋ ಗೊತ್ತಿಲ್ಲ.
ಅಕಿ ಯಾವದೋ ಊರಾಗ
ಹಾಡಿನ ಎರಡನೇ ನುಡಿ ಉಟ್ಟುಕೊಂಡು
ಬದನಿಕಾಯಿ ಚೌಕಾಸಿ ಮಾಡತಿರಬೇಕು.

ಇನ್ನ ಅಡಗಿ.
ಅಣ್ಣಾ, ನನಗ ತಿನ್ನೂದು ಸೇರತೈತಿ. ಮಾಡೂದಲ್ಲ.
ಹಸನಸಾಬರ ಗಾಡಿ ಗಿರಮಿಟ್ಟು,
ಮ್ಯಾಲೆ ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು,
ಬಾಜೂಕ ಮೂಗಿನ ನೀರು ಇಳಸೂ ಮೆಣಸಿನಕಾಯಿ ಬಜಿ.
ಮೊನ್ನೆ ಬಜಿ ಕಟ್ಟಿಕೊಟ್ಟ ಹಾಳಿ ಬಿಚ್ಚಿದ್ರ
ಚೌಕಚೌಕ, ಕೆಂಪು ಪೆನ್ಸಿಲು.
ರದ್ದಿಗೆ ಹಾಕಿದಾಕಿ ನಾನೇ, ದೀಪಾವಳಿ ಮುಂದ.
ಕಾಲು ಎರಡೂ ಇದ್ದು, ಪುಚ್ಚದ ತುದಿ ಇತ್ತು.
ಕತ್ತು ಯಾರ ಪೊಟ್ಟಣಕ್ಕ ಹೋತೋ.
ಗಾಡಿ ಮುಂದ ನಿಂತು ಉಳದ ಹಾಳಿ ಎಲ್ಲಾ ಹುಡುಕಿಸಿದ್ನಿ.
ಹತ್ತನೇತ್ತೆ ಗಣಿತ ಸಿಕ್ತು, ಬ್ಯಾಂಕಿನ ನೋಟಿಸು ಸಿಕ್ತು.
ಹಸನಸಾಬರು ಇನ್ನೆರಡು ಬಜಿ ಹಾಕಿ ಕೊಟ್ರು,
ರೊಕ್ಕ ಇಸಗೊಳ್ಳಲಿಲ್ಲ.

ಬರದು ಬರದು ಈ ಹಾಳಿಗೂ ಎಣ್ಣಿ ಬಡದೈತಿ.
ಬೆಳಕಿಗೆ ಹಿಡದ್ರ ಮುಂದಿನ ರಂಗೋಲಿ
ಹಿಂದ ಉಲ್ಟಾ ಕಾಣಸತೈತಿ.
ಹಿಂಗೇ ಕೊಡ್ತೀನಿ, ಹರದು ಹೊಸಾದ ಬರಿಯೂದಿಲ್ಲ.
ಎತ್ತರ ಐದಡಿ ಎರಡಂಗಲ ಅಂತ ಬರದಾನ,
ಅದೊಂದು ಖರೇ.

ಕರೆಂಟ್ ಬಂತು.
ನೀಲವ್ವ ಏನೋ ಅಂತಾಳ, ಬಾಯಿ ಅಷ್ಟ ಕಾಣಸತೈತಿ.
‘ರೂಪಾ’ ಅಂದಂಗಿತ್ತು.